ಲಾಯವೂ ಕುದುರೆಯ ನಿದ್ರೆಯೂ

ಕುದುರೆಯು ನಿಂತುಕೊಂಡೇ ನಿದ್ದೆ ಮಾಡುತ್ತದೆಂಬ ಮಾತು ನಮ್ಮ ಜನರಲ್ಲಿ ಬಹುಕಾಲದಿಂದ ರೂಢವಾಗಿದೆ. ಐದನೆಯ ಇಯತ್ತೆಯ ಹುಡುಗನಿಂದ ಹಿಡಿದು ಅವನ ಅಜ್ಜನವರೆಗೆ ಯಾರನ್ನು ಕೇಳಿದರೂ ಇದೇ ಉತ್ತರ ಬರುವದು. ಮಾತು ಸುಳ್ಳಲ್ಲ; ಆದರೆ ಪೂರ್ಣ ನಿಜವೂ ಅಲ್ಲ. ಕುದುರೆಯು ನಿಂತು ತೂಕಡಿಸಬಲ್ಲದು, ನಿಂತು ಹಗುರಾದ ನಿದ್ದೆಯನ್ನೂ ಮಾಡಬಲ್ಲದು. ಆದರೆ ನಿದ್ರೆಯ ಒಂದು ಮುಖ್ಯ ಭಾಗವು ನೆಲಕ್ಕೆ ಒರಗಿದ ಹೊರತು ಅದಕ್ಕೆ ದೊರೆಯಲಾರದು. "ಹೇಗೂ ನಿಂತೇ ಮಲಗುವ ಪ್ರಾಣಿ" ಎಂದು ತಿಳಿದು, ಗಿಡ್ಡ ಹಗ್ಗದಿಂದ ಗೂಟಕ್ಕೆ ಬಿಗಿದು, ಕಲ್ಲುಹಾಸಿನ ಮೇಲೆ ರಾತ್ರಿಗಳನ್ನು ಕಳೆಯಬೇಕಾಗಿ ಬಂದ ಕುದುರೆಯ ಗತಿಯೇನಾಗುವದು, ಅದಕ್ಕೆ ಲಾಯವು ಹೇಗಿರಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಬಯಸುತ್ತೇವೆ.

ಗೋವೆಯ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಕುದುರೆಯ ಮಾತೇಕೆಂದು ಕೆಲವರು ಕೇಳಬಹುದು. ನಮ್ಮ ಪಾಲಕರಲ್ಲಿ ಅನೇಕರು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳ ಕಡೆಯಿಂದ ದುಡಿಮೆಗಾಗಿ ಇಲ್ಲಿಗೆ ಬಂದು ನೆಲೆಸಿದವರು. ಆಟೋರಿಕ್ಷಾಗಳು ಬಂದ ಮೇಲೆ ಟಾಂಗಾಗಳ ಸಂಖ್ಯೆ ಬಹಳ ಇಳಿದಿದ್ದರೂ, ಕುದುರೆಯನ್ನು ನಂಬಿ ಬದುಕಿದ ಮನೆತನಗಳ ಪರಿಚಯವು ಅವರಲ್ಲಿ ಹಲವರಿಗೆ ಇದ್ದೇ ಇದೆ. ಮದುವೆಯ ಮೆರವಣಿಗೆಯಲ್ಲಿ ವರನನ್ನು ಹೊತ್ತು ನಡೆಯುವ ಕುದುರೆಯನ್ನಂತೂ ಎಲ್ಲ ಮಕ್ಕಳೂ ಬಲ್ಲರು. ಇದಲ್ಲದೆ ಗೋವೆಗೂ ಕುದುರೆಗೂ ಒಂದು ಕಾಲಕ್ಕೆ ಇದ್ದ ಸಂಬಂಧವು ಸಾಮಾನ್ಯವಾದುದಲ್ಲ. ಅದನ್ನು ಮುಂದೆ ಹೇಳುವೆವು.

ಮೊದಲು, ಕುದುರೆಯು ನಿಂತು ನಿದ್ರಿಸುವ ಬಗೆಯನ್ನು ನೋಡೋಣ. ಕುದುರೆಯ ಹಿಂಗಾಲಿನ ನಡುವೆ ಹಿಂದಕ್ಕೆ ಬಾಗಿದಂತೆ ಕಾಣುವ ಸಂಧಿಯನ್ನು ಮಕ್ಕಳು ಮೊಳಕಾಲೆಂದು ತಿಳಿಯುತ್ತಾರೆ. ಅದು ನಿಜವಾಗಿ ನಮ್ಮ ಹಿಮ್ಮಡಿಗೆ ಸಮನಾದ ಭಾಗ. ಅದರ ಮೊಳಕಾಲು ಇನ್ನೂ ಮೇಲೆ, ಹೊಟ್ಟೆಯ ಹತ್ತಿರ ಇರುತ್ತದೆ. ಅಲ್ಲಿಯ ಚಿಪ್ಪೆಲುಬನ್ನು ತೊಡೆಯೆಲುಬಿನ ಕೆಳತುದಿಯ ಒಂದು ದಿಣ್ಣೆಯ ಮೇಲೆ, ಬಾಗಿಲಿಗೆ ಚಿಲಕ ಹಾಕಿದಂತೆ, ಸಿಕ್ಕಿಸಿಬಿಡುವ ಶಕ್ತಿ ಕುದುರೆಗಿದೆ. ಹಾಗೆ ಸಿಕ್ಕಿಸಿದೊಡನೆ ಇಡೀ ಕಾಲು ಕಂಬದಂತೆ ನಿಲ್ಲುತ್ತದೆ. ಸ್ನಾಯುಗಳು ಬಿಗಿಹಿಡಿಯಬೇಕಾದ ಶ್ರಮ ಬಹುಮಟ್ಟಿಗೆ ತಪ್ಪುತ್ತದೆ. ಆಗ ಇನ್ನೊಂದು ಹಿಂಗಾಲು ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ವಿಶ್ರಮಿಸುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಕಾಲುಗಳ ಪಾಳಿ ಬದಲಾಗುತ್ತದೆ. ಮುಂಗಾಲುಗಳಲ್ಲಿಯೂ ಭಾರವನ್ನು ಹೊರುವ ಬಲವಾದ ನರಪಟ್ಟಿಗಳುಂಟು. ಮಧ್ಯಾಹ್ನದ ಬಿಸಿಲಿನಲ್ಲಿ ಬೇವಿನ ಗಿಡದ ಕೆಳಗೆ ತಲೆ ತಗ್ಗಿಸಿ, ಕೆಳತುಟಿ ಜೋಲುಬಿಟ್ಟು, ಒಂದು ಹಿಂಗಾಲನ್ನು ಮಡಚಿ ನಿಂತ ಕುದುರೆಯು ಈ ಚಿಲಕವನ್ನು ಹಾಕಿಕೊಂಡು ಕೋಳಿನಿದ್ದೆ ತೆಗೆಯುತ್ತಿದೆಯೆಂದು ತಿಳಿಯಬೇಕು.

ನಿಸರ್ಗವು ಈ ಏರ್ಪಾಡನ್ನು ಸುಮ್ಮನೆ ಮಾಡಿಲ್ಲ. ಕುದುರೆಯ ಪೂರ್ವಜರು ವಿಶಾಲವಾದ ಹುಲ್ಲುಗಾವಲುಗಳಲ್ಲಿ ಮೇಯುತ್ತಿದ್ದ, ತೋಳ ಮೊದಲಾದ ಮೃಗಗಳಿಗೆ ಆಹಾರವಾಗುತ್ತಿದ್ದ ಪ್ರಾಣಿಗಳು. ಅವುಗಳಿಗೆ ಕೋಡಿಲ್ಲ, ಉಗುರಿಲ್ಲ. ಓಟವೊಂದೇ ಪ್ರಾಣರಕ್ಷಣೆಯ ಉಪಾಯ. ಮಲಗಿದ ಕುದುರೆಯು ಎದ್ದು ಓಡಲು ಕೆಲವು ಕ್ಷಣಗಳಾದರೂ ಬೇಕು. ಮನೆಯಲ್ಲಿ ದನ ಕಟ್ಟಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಎತ್ತು ಏಳುವಾಗ ಮೊದಲು ಹಿಂಭಾಗವನ್ನು ಎತ್ತುತ್ತದೆ. ಕುದುರೆಯು ಹಾಗಲ್ಲ, ಮೊದಲು ಎರಡೂ ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಊರಿ, ಕುತ್ತಿಗೆಯನ್ನು ಬೀಸಿ, ಆಮೇಲೆ ಹಿಂಗಾಲಿನ ಬಲದಿಂದ ಮೈಯನ್ನು ಮೇಲಕ್ಕೆ ಒಗೆಯುತ್ತದೆ. ಆದುದರಿಂದ ಅದಕ್ಕೆ ಮುಂದೆ ಜಾಗ ಬೇಕು, ಕಾಲು ಜಾರದ ನೆಲ ಬೇಕು. ಲಾಯ ಕಟ್ಟುವವರು ಮೊದಲು ನೆನಪಿಡತಕ್ಕ ಮಾತಿದು.

ಇನ್ನು ನಿದ್ರೆಯ ವಿಚಾರ. ನಿದ್ರೆಯೆಂಬುದು ಒಂದೇ ಬಗೆಯದಲ್ಲವೆಂಬುದನ್ನು ೧೯೫೩ರಲ್ಲಿ ಅಮೇರಿಕೆಯ ಶಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ವಿದ್ವಾಂಸರು ಜಗತ್ತಿಗೆ ತಿಳಿಸಿದರು. ಮಲಗಿದ ಮನುಷ್ಯನ ಮುಚ್ಚಿದ ರೆಪ್ಪೆಗಳ ಒಳಗೆ ಕಣ್ಣುಗುಡ್ಡೆಗಳು ಆಗಾಗ ವೇಗವಾಗಿ ಹೊರಳಾಡುವದನ್ನು ಅವರು ಕಂಡರು. ಆ ಹೊತ್ತಿನಲ್ಲಿ ಎಬ್ಬಿಸಿದವರು ಬಹುಶಃ ಕನಸನ್ನು ಹೇಳುತ್ತಿದ್ದರು. ಅಲ್ಲಿಂದ ಇದಕ್ಕೆ ಕನಸಿನ ನಿದ್ರೆಯೆಂದು ಕರೆಯುವ ವಾಡಿಕೆ ಬಿತ್ತು. ಈ ನಿದ್ರೆಯಲ್ಲಿ ಮಿದುಳು ಎಚ್ಚರದಲ್ಲಿದ್ದಂತೆಯೇ ಚುರುಕಾಗಿರುತ್ತದೆ, ಆದರೆ ಕೈಕಾಲು ಕುತ್ತಿಗೆಗಳ ಸ್ನಾಯುಗಳು ಪೂರ್ತಿ ಸಡಿಲಬೀಳುತ್ತವೆ. ಫ್ರಾನ್ಸ್ ದೇಶದ ತುಲೂಸಿನ ಪಶುವೈದ್ಯ ಪಂಡಿತರಾದ ರುಕೆಬುಶ್ ಅವರೂ ಅವರ ಸಹಕಾರಿಗಳೂ ೧೯೭೦ರ ದಶಕದಲ್ಲಿ ತಟ್ಟುಗಳ ಮಿದುಳಿನ ವಿದ್ಯುತ್ತರಂಗಗಳನ್ನು ದಾಖಲಿಸಿ, ಕುದುರೆಗೂ ಇದೇ ಬಗೆಯ ನಿದ್ರೆಯುಂಟೆಂಬುದನ್ನು ವಿವರವಾಗಿ ತೋರಿಸಿದರು.

ಈಗ ವಾಚಕರೇ ಯೋಚಿಸಲಿ. ಮೈಯ ಸ್ನಾಯುಗಳೆಲ್ಲ ಸಡಿಲಬಿದ್ದ ಮೇಲೆ ನಾಲ್ಕುನೂರು ಐದುನೂರು ಕಿಲೋ ತೂಕದ ಪ್ರಾಣಿಯು ನಿಂತಿರುವದೆಂತು? ಹಿಂಗಾಲಿನ ಚಿಲಕವೊಂದರಿಂದ ಆಗುವ ಕೆಲಸವಲ್ಲ ಅದು. ಆದುದರಿಂದಲೇ ಕನಸಿನ ನಿದ್ರೆ ಬೇಕಾದಾಗ ಕುದುರೆಯು ಮಲಗಲೇಬೇಕು; ಒಂದೋ ಕಾಲು ಮಡಚಿ ಎದೆಯ ಮೇಲೆ ಕುಳಿತು ಮೂತಿಯನ್ನು ನೆಲಕ್ಕೆ ಊರಬೇಕು, ಇಲ್ಲವೆ ಪಕ್ಕಕ್ಕೆ ಪೂರ್ತಿಯಾಗಿ ಒರಗಿ ಕಾಲು ಚಾಚಬೇಕು. ಅದಕ್ಕೆ ಬೇಕಾಗುವ ಅವಧಿಯೇನೂ ದೊಡ್ಡದಲ್ಲ. ಬೆಳೆದ ಕುದುರೆಯು ಹಗಲಿರುಳು ಕೂಡಿ ೩ರಿಂದ ೫ ಗಂಟೆ ಮಾತ್ರ ನಿದ್ರಿಸುತ್ತದೆ. ಅದನ್ನೂ ಒಂದೇ ಸಲ ಮಾಡದೆ ಚಿಕ್ಕ ಚಿಕ್ಕ ತುಣುಕುಗಳಾಗಿ, ಹೆಚ್ಚಾಗಿ ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಮುಗಿಸುತ್ತದೆ. ಅದರಲ್ಲಿ ಕನಸಿನ ನಿದ್ರೆಯ ಪಾಲು ಅರ್ಧದಿಂದ ಒಂದು ಗಂಟೆ. ಒಂದೇ ಮಗ್ಗುಲಿಗೆ ಬಹಳ ಹೊತ್ತು ಬಿದ್ದಿದ್ದರೆ ಅದರ ಭಾರವೇ ಕೆಳಗಿನ ಪುಪ್ಪುಸವನ್ನು ಒತ್ತುತ್ತದೆ. ಹಾಗಾಗಿ ಸ್ವಲ್ಪ ಹೊತ್ತಿಗೇ ಎದ್ದುಬಿಡುವದು. ಮರಿಗಳಾದರೋ ನಮ್ಮ ಕೂಸುಗಳಂತೆಯೇ, ಹಗಲಿನಲ್ಲಿಯೂ ತಾಯಿಯ ಕಾಲಬಳಿ ಕೈಕಾಲು ಚೆಲ್ಲಿ ಮಲಗುತ್ತವೆ.

ದಿನಕ್ಕೆ ಅರ್ಧ ಗಂಟೆಯ ಈ ಪಾಲು ಒಂದೆರಡು ರಾತ್ರಿ ತಪ್ಪಿದರೆ ಕುದುರೆಯು ಸಹಿಸಿಕೊಳ್ಳುತ್ತದೆ. ವಾರಗಟ್ಟಲೆ ತಪ್ಪಿದರೆ ಅದಕ್ಕೆ ಬೇರೊಂದು ಗಂಡಾಂತರ ಕಾದಿರುತ್ತದೆ. ನಿಂತು ತೂಕಡಿಸುತ್ತಿರುವಾಗಲೇ ಕನಸಿನ ನಿದ್ರೆಯು ಬಲವಂತವಾಗಿ ಕವಿಯುತ್ತದೆ, ತಲೆ ಇಳಿಯುತ್ತದೆ, ಮುಂಗಾಲುಗಳು ಕುಸಿಯುತ್ತವೆ, ಮೊಳಕಾಲೂ ಗೊರಸಿನ ಮೇಲಿನ ಗಂಟೂ ನೆಲಕ್ಕೆ ಅಪ್ಪಳಿಸುತ್ತವೆ, ಪೆಟ್ಟಿಗೆ ಬೆಚ್ಚಿಬಿದ್ದು ಕುದುರೆಯು ಮತ್ತೆ ಎದ್ದು ನಿಲ್ಲುತ್ತದೆ. ಹೀಗೆ ದಿನವೂ ಆಗುತ್ತಿದ್ದರೆ ಮುಂಗಾಲಿನ ಮುಂಭಾಗದಲ್ಲಿ ಕೂದಲುದುರಿ ಕಲೆಗಳೂ ವಾಸಿಯಾಗದ ಹುಣ್ಣುಗಳೂ ಕಾಣಿಸಿಕೊಳ್ಳುತ್ತವೆ. ನೋಡಿದವರು ಏನೆಂದಾರು? ಒಬ್ಬನು ಕುದುರೆ ಸೋಮಾರಿಯೆನ್ನುವನು, ಇನ್ನೊಬ್ಬನು ಮೂರ್ಛೆರೋಗವೆನ್ನುವನು, ಮತ್ತೊಬ್ಬನು ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸುವನು. ಚಾಬುಕಿನ ಪೆಟ್ಟಂತೂ ಎಲ್ಲಕ್ಕಿಂತ ಮೊದಲೇ ಬೀಳುತ್ತದೆ. ನಿಜವಾದ ಮೂರ್ಛೆಯೂ ಕುದುರೆಗಳಲ್ಲಿ ಇಲ್ಲದಿಲ್ಲ, ಅದನ್ನು ಪಶುವೈದ್ಯರೇ ಹೇಳಬೇಕು. ಆದರೆ ಹೀಗೆ ಕುಸಿಯುವ ಕುದುರೆಯು ರಾತ್ರಿ ಮಲಗುತ್ತಿದೆಯೋ ಇಲ್ಲವೋ ಎಂಬುದನ್ನು ಔಷಧಕ್ಕಿಂತ ಮೊದಲು ವಿಚಾರಿಸಬೇಕು.

ಕುದುರೆಯು ಏಕೆ ಮಲಗಲೊಲ್ಲದು? ಇಲ್ಲಿಯೇ ಲಾಯದ ಮಹತ್ವವಿರುವದು. ಮಲಗುವದೆಂದರೆ ಕುದುರೆಯ ಪಾಲಿಗೆ ತನ್ನ ಓಟವೆಂಬ ಆಯುಧವನ್ನು ಕೆಳಗಿಟ್ಟಂತೆ. ಸ್ಥಳದ ಮೇಲೆ ನಂಬಿಗೆ ಹುಟ್ಟಿದ ಹೊರತು ಅದು ಹಾಗೆ ಮಾಡದು. ಬಯಲಿನಲ್ಲಿ ಹಿಂಡಾಗಿ ಇರುವ ಕುದುರೆಗಳಲ್ಲಿ ಕೆಲವು ಮಲಗಿದಾಗ ಒಂದಾದರೂ ನಿಂತು ಕಾವಲು ಕಾಯುವದನ್ನು ನೋಡಿದವರು ಬರೆದಿದ್ದಾರೆ. ಹೊಸ ಲಾಯಕ್ಕೆ ತಂದ ಕುದುರೆಯು ಮೊದಲ ಕೆಲವು ರಾತ್ರಿ ಮಲಗದೆಯೇ ಕಳೆಯುವದುಂಟು. ಜೊತೆಗಾರ ಕುದುರೆಯು ಸತ್ತರೆ, ಇಲ್ಲವೆ ಪಕ್ಕದ ಕಟ್ಟಿನಲ್ಲಿ ಕಚ್ಚುವ ಒದೆಯುವ ಕುದುರೆ ಬಂದರೆ, ಆಗಲೂ ಹೀಗೆಯೇ. ಪರವೂರಿನ ಛತ್ರದಲ್ಲಿ ಗಂಟನ್ನು ತಲೆಗಿಟ್ಟುಕೊಂಡು ಮಲಗಿದ ಪ್ರಯಾಣಿಕನ ನಿದ್ದೆಯನ್ನು ನೆನೆದರೆ ಇದು ಯಾರಿಗೂ ಅರ್ಥವಾದೀತು.

ಈ ಕಣ್ಣಿನಿಂದ ನೋಡಿದರೆ ನಮ್ಮ ಗೋವೆಯ ಇತಿಹಾಸದ ಒಂದು ಪುಟವು ಬೇರೆ ರೀತಿಯಲ್ಲಿ ಕಾಣಿಸುತ್ತದೆ. ನಮ್ಮ ದೇಶದ ಹವೆಯಲ್ಲಿ ಒಳ್ಳೆಯ ಯುದ್ಧಾಶ್ವಗಳ ಸಂತತಿ ಬೆಳೆಯುವದು ಕಷ್ಟವಾದದ್ದರಿಂದ, ದಕ್ಷಿಣದ ಅರಸರು ಅರಬಸ್ತಾನ ಇರಾಣಗಳ ಕುದುರೆಗಳನ್ನು ಸಮುದ್ರದ ಮೇಲೆ ತರಿಸುತ್ತಿದ್ದರು. ಹೊನ್ನಾವರ, ಭಟ್ಕಳ, ಗೋವೆಗಳು ಇದರ ಬಂದರುಗಳು. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಕುದುರೆಗಳನ್ನು ಹಿಡಿದು ನಡೆಸುವ ಪರದೇಶದ ವ್ಯಾಪಾರಿಗಳ ಚಿತ್ರಗಳನ್ನು ಇಂದಿಗೂ ಕಾಣಬಹುದು. ೧೫೧೦ರಲ್ಲಿ ಅಲ್ಬುಕೆರ್ಕನು ಗೋವೆಯನ್ನು ಹಿಡಿದ ಮೇಲೆ ಈ ವ್ಯಾಪಾರವನ್ನು ಪೋರ್ತುಗೀಜರು ತಮ್ಮ ಕೈಗೆ ತೆಗೆದುಕೊಂಡರು. ವಿಜಯನಗರದ ಕೃಷ್ಣದೇವರಾಯನೂ ವಿಜಾಪುರದ ಆದಿಲಶಾಹನೂ ಕುದುರೆಗಾಗಿ ಅವರ ಮುಖ ನೋಡಬೇಕಾಯಿತು. ೧೫೮೩ರಿಂದ ೧೫೮೮ರ ವರೆಗೆ ಗೋವೆಯಲ್ಲಿದ್ದ ಲಿನ್‌ಸ್ಖೋಟೆನ್ ಎಂಬ ಡಚ್ಚನು, ಇಲ್ಲಿಯ ನೇರಬೀದಿಯಲ್ಲಿ ಬೆಳಗಿನ ಹೊತ್ತು ನಡೆಯುತ್ತಿದ್ದ ಲಿಲಾವಿನಲ್ಲಿ ಅರಬೀ ಕುದುರೆಗಳು ಮಾರಾಟವಾಗುತ್ತಿದ್ದವೆಂದು ಬರೆದಿಟ್ಟಿದ್ದಾನೆ. ಹಳೆಯ ಗೋವೆಗೆ ಪ್ರವಾಸ ಹೋದಾಗ ಮಾಂಡವಿಯ ದಂಡೆಯ ವೈಸರಾಯ ಕಮಾನಿನೊಳಗಿಂದ ಹಾಯ್ದು ಬರುವ ನಮ್ಮ ಮಕ್ಕಳು ನಡೆಯುವದು ಆ ಬೀದಿಯ ಜಾಡಿನಲ್ಲಿಯೇ.

ಈ ಕುದುರೆಗಳು ಬಂದ ಬಗೆಯೆಂತು? ಹದಿಮೂರನೆಯ ಶತಮಾನದ ಕೊನೆಯಲ್ಲಿ ಹೊರ್ಮುಜ್ ಬಂದರವನ್ನು ಕಂಡ ಮಾರ್ಕೊ ಪೋಲೋ ಬರೆದಿರುವಂತೆ, ಅಲ್ಲಿಯ ಹಡಗುಗಳಿಗೆ ಮೇಲ್ಮಹಡಿ ಇರುತ್ತಿರಲಿಲ್ಲ. ಸರಕನ್ನು ತುಂಬಿ, ಅದರ ಮೇಲೆ ತೊಗಲು ಹಾಸಿ, ಆ ತೊಗಲಿನ ಮೇಲೆ ಹಿಂದೂಸ್ಥಾನಕ್ಕೆ ಮಾರಾಟಕ್ಕೆ ಹೋಗುವ ಕುದುರೆಗಳನ್ನು ನಿಲ್ಲಿಸುತ್ತಿದ್ದರು. ಅಲೆಗೆ ತೂಗುವ ಹಡಗು, ಜಾರುವ ತೊಗಲು, ಒಂದಕ್ಕೊಂದು ಒತ್ತಿ ನಿಂತ ಕುದುರೆಗಳು! ಅಲ್ಲಿ ಒರಗಿ ಕಾಲು ಚಾಚುವ ಮಾತೆಲ್ಲಿ ಬಂತು? ಹಿಂಗಾಲಿನ ಚಿಲಕವೊಂದೇ ಅವುಗಳಿಗೆ ಗತಿಯಾಗಿದ್ದೀತು. ಎಷ್ಟೋ ಕುದುರೆಗಳು ದಾರಿಯಲ್ಲಿಯೇ ಸಾಯುತ್ತಿದ್ದವು. ತಾನೇ ಕುದುರೆ ವ್ಯಾಪಾರಿಯಾಗಿದ್ದ ನೂನಿಜ್ ಎಂಬ ಪೋರ್ತುಗೀಜನು, ವಿಜಯನಗರದ ಸಾಳುವ ನರಸಿಂಹನು ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು ಹೇಳಿದ್ದಾನೆ. ಬಿರುಗಾಳಿ, ನೀರಡಿಕೆ, ಹೊಟ್ಟೆಶೂಲೆ ಮೊದಲಾದ ಕಾರಣಗಳು ಅನೇಕವಿದ್ದಾವು. ನಿದ್ರಾಭಂಗವೊಂದರಿಂದಲೇ ಅವು ಸತ್ತವೆಂದು ನಾವು ಹೇಳಲಾರೆವು. ಆದರೆ ಬದುಕಿ ದಡ ಸೇರಿದ ಕುದುರೆಗೆ, ಘಟ್ಟವನ್ನು ಹತ್ತಿಸಿ ಹಂಪೆಗೆ ನಡೆಸುವ ಮುನ್ನ, ಗಟ್ಟಿ ನೆಲದ ಮೇಲೆ ನಾಲ್ಕು ರಾತ್ರಿ ಮಲಗಲು ಬಿಟ್ಟ ವ್ಯಾಪಾರಿಯೇ ಜಾಣನೆಂದು ನಮಗೆ ತೋರುತ್ತದೆ.

ಲಾಯದ ಶಾಸ್ತ್ರವು ನಮ್ಮವರಿಗೆ ಹೊಸದೇನಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ತಾಳೆಗರಿಗಳಿಂದ ಹೊರತೆಗೆದು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣವಿದೆ. ಅದರಂತೆ ಲಾಯದ ಅಗಲವು ಕುದುರೆಯ ಉದ್ದದ ಎರಡರಷ್ಟಿರಬೇಕು, ನಾಲ್ಕು ಬಾಗಿಲುಗಳಿರಬೇಕು, ನಡುವೆ ಕುದುರೆಗಳು ಹೊರಳಾಡಲು ಜಾಗವಿರಬೇಕು. ಒಂದೊಂದು ಕುದುರೆಗೂ ಅದರ ಮೈಯುದ್ದದಷ್ಟೇ ಚೌಕವಾದ, ನುಣುಪಾದ ಹಲಗೆ ಹಾಸಿದ ಕಟ್ಟು, ಮೇವಿನ ಗೂಡು, ಮೂತ್ರ ಲದ್ದಿಗಳು ಹೊರಹೋಗುವ ದಾರಿ ಇರಬೇಕು. ಪೂರ್ವಕ್ಕೋ ಉತ್ತರಕ್ಕೋ ಮುಖವಾಗಿರಬೇಕು. ಮೈಯುದ್ದದಷ್ಟೇ ಚೌಕವೆಂಬುದು ಇಂದಿನ ಲೆಕ್ಕಕ್ಕೆ ತುಸು ಇಕ್ಕಟ್ಟೇ ಸರಿ, ನುಣುಪು ಹಲಗೆಯನ್ನೂ ಹುಲ್ಲು ಹಾಸದಿದ್ದರೆ ನಾವು ಒಪ್ಪಲಾರೆವು; ಆದರೆ ಹೊರಳಾಡುವ ಅಂಗಳವನ್ನು ಮರೆಯದ ಕೌಟಿಲ್ಯನು ಕುದುರೆಯ ಸ್ವಭಾವವನ್ನು ಬಲ್ಲವನೆಂಬುದರಲ್ಲಿ ಸಂಶಯವಿಲ್ಲ. ಲಾಯದ ಸುತ್ತ ಮಂಗ, ನವಿಲು, ಜಿಂಕೆ, ಮುಂಗಲಿ, ಗಿಳಿಗಳನ್ನು ಸಾಕಬೇಕೆಂದೂ ಅವನು ಹೇಳುತ್ತಾನೆ. ಮುಂಗಲಿಯು ಹಾವನ್ನು ಕಾದೀತು. ಮಂಗಗಳ ನಡುವೆ ಕುದುರೆಯು ಹೇಗೆ ಕಣ್ಣು ಮುಚ್ಚುತ್ತಿತ್ತೋ ನಮಗೆ ಹೊಳೆಯದು.

ಈಗಿನ ಪದ್ಧತಿಯಲ್ಲಿ ಸವಾರಿಯ ಕುದುರೆಯೊಂದಕ್ಕೆ ೧೨ ಅಡಿ ಉದ್ದ, ೧೨ ಅಡಿ ಅಗಲದ ಕೋಣೆಯು ಯೋಗ್ಯವೆಂದು ಎಣಿಸುತ್ತಾರೆ; ತಟ್ಟುವಿಗೆ ೧೦ ಅಡಿ ಸಾಕು. ಇದಕ್ಕಿಂತ ಚಿಕ್ಕದಾದರೆ ಕುದುರೆಯು ಎದೆಯ ಮೇಲೆ ಕುಳಿತೀತೇ ಹೊರತು ಪಕ್ಕಕ್ಕೆ ಒರಗದು. ಒರಗಿ ಹೊರಳಿದರೆ ಕಾಲುಗಳು ಗೋಡೆಗೆ ಸಿಕ್ಕಿಕೊಂಡು ಏಳಲಾರದೆ ಒದ್ದಾಡುವದೂ ಉಂಟು, ಒಮ್ಮೆ ಹಾಗಾದ ಕುದುರೆಯು ಮುಂದೆ ಮಲಗಲು ಹೆದರುತ್ತದೆ. ಹಾಸಿಗೆಯ ವಿಷಯವೂ ಅಷ್ಟೇ ಮುಖ್ಯ. ಬ್ರಿಟನ್ನಿನ ಸಂಶೋಧಕರು ೨೦೨೧ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ೫ ಸೆಂಟಿಮೀಟರ್ ದಪ್ಪದ ಹಾಸಿಗೆಯನ್ನೂ ೧೫ ಸೆಂಟಿಮೀಟರ್ ದಪ್ಪದ ಹಾಸಿಗೆಯನ್ನೂ ಹೋಲಿಸಿ ನೋಡಿದರು. ದಪ್ಪ ಹಾಸಿಗೆಯಿದ್ದು, ರಾತ್ರಿ ದೀಪ ಆರಿಸಿದಾಗ ಕುದುರೆಗಳು ಪಕ್ಕಕ್ಕೆ ಒರಗಿ ಮಲಗಿದ ಹೊತ್ತು ಹೆಚ್ಚಾಯಿತು. ಕಾವಲಿಗೆಂದು ಲಾಯದಲ್ಲಿ ಇಡೀ ರಾತ್ರಿ ಪ್ರಖರವಾದ ವಿದ್ಯುದ್ದೀಪ ಉರಿಸುವವರು ಇದನ್ನು ಲಕ್ಷ್ಯಕ್ಕೆ ತರಬೇಕು. ರಬ್ಬರಿನ ಚಾಪೆಯು ನೆಲದ ಜಾರಿಕೆಯನ್ನು ತಡೆಯುವದು ನಿಜ; ಅದರ ಮೇಲೆ ಹುಲ್ಲನ್ನೋ ಕಟ್ಟಿಗೆಯ ಹೊಟ್ಟನ್ನೋ ಹಾಕದೆ ಬಿಟ್ಟರೆ ಹಾಸಿಗೆಯ ಕೆಲಸ ಆಗದು.

ಗೋವೆಯಂತಹ ಕರಾವಳಿಯಲ್ಲಿ ಮಳೆಗಾಲದ ತೊಡಕು ಬೇರೆ. ವರ್ಷಕ್ಕೆ ಸುಮಾರು ೩೦೦೦ ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಭತ್ತದ ಹುಲ್ಲು ಬೇಗನೆ ಬೂಸಲು ಹಿಡಿಯುತ್ತದೆ. ಬೂಸಲಿನ ಧೂಳಿನಿಂದ ಕುದುರೆಗೆ ಕೆಮ್ಮು ಉಬ್ಬಸಗಳು ಬರುತ್ತವೆ. ಹಾಸಿಗೆಯು ಮೂತ್ರದಿಂದ ತೊಯ್ದು ಹಾಗೆಯೇ ಉಳಿದರೆ ಅಮೋನಿಯಾ ಎಂಬ ಘಾಟುವಾಯು ಹುಟ್ಟಿ, ಮಲಗಿದ ಕುದುರೆಯ ಮೂಗಿಗೆ ನೇರವಾಗಿ ಹೊಡೆಯುತ್ತದೆ. ನಿಂತ ಮನುಷ್ಯನಿಗೆ ಅದು ಅಷ್ಟಾಗಿ ತಿಳಿಯದು. ಲಾಯದ ಒಡೆಯನು ಒಮ್ಮೆ ಕುಕ್ಕರಗಾಲಿನಲ್ಲಿ ಕುಳಿತು ಮೂಸಿ ನೋಡುವದು ಒಳ್ಳೆಯದು. ನೆಲವನ್ನು ಅಂಗಳಕ್ಕಿಂತ ಎತ್ತರಿಸಿ, ಕಾಲುವೆಯ ಕಡೆಗೆ ತುಸು ಇಳಿಜಾರು ಕೊಟ್ಟು, ಮಾಡಿನ ನೆತ್ತಿಯಲ್ಲಿ ಬಿಸಿಗಾಳಿ ಹೊರಬೀಳುವ ಸಂದು ಬಿಟ್ಟರೆ ಮುಕ್ಕಾಲು ತೊಂದರೆ ತಪ್ಪುತ್ತದೆ. ಸಮುದ್ರದ ಮರಳನ್ನು ಹಾಸುವವರೂ ಉಂಟು. ಮಲಗಲು ಅದು ಮೆತ್ತಗಿದ್ದರೂ, ಮೇವನ್ನು ಅದರ ಮೇಲೆಯೇ ಸುರಿದರೆ ಮರಳು ಹೊಟ್ಟೆ ಸೇರಿ ಪ್ರಾಣಾಂತಿಕವಾದ ಶೂಲೆಯನ್ನು ತರುವದು. ಗೋದಲಿಯು ಬೇರೆಯಾಗಿ ಇರಲೇಬೇಕು.

ಟಾಂಗಾ ಹೊಡೆದು ಹೊಟ್ಟೆ ಹೊರೆಯುವವನಿಗೆ ೧೨ ಅಡಿಯ ಕೋಣೆ ಎಲ್ಲಿಂದ ಬರಬೇಕೆಂದು ಪಾಲಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅವನ ಸ್ವಂತ ಮನೆಯೇ ಅಷ್ಟಿರುವದಿಲ್ಲ. ಆದರೆ ಹಣವಿಲ್ಲದೆ ಆಗುವ ಕೆಲಸಗಳೂ ಕೆಲವು ಇವೆ. ಹಗಲಿಗೆ ಕಟ್ಟುವ ಗಿಡ್ಡ ಹಗ್ಗವನ್ನು ರಾತ್ರಿ ಬಿಚ್ಚಿ, ತಲೆ ನೆಲಕ್ಕೆ ಮುಟ್ಟುವಷ್ಟು ಸಡಿಲು ಕೊಡಬಹುದು. ಆದರೆ ಕಾಲಿಗೆ ತೊಡರುವಷ್ಟು ಉದ್ದ ಬಿಡಬಾರದು. ಸುತ್ತ ಬಿದಿರಿನ ಅಡ್ಡಗಳನ್ನು ಕಟ್ಟಿ ಹಗ್ಗವನ್ನೇ ತೆಗೆದುಬಿಟ್ಟರೆ ಇನ್ನೂ ಲೇಸು. ಮಲಗುವ ಜಾಗದ ಹರಳು ಕಲ್ಲುಗಳನ್ನು ಆರಿಸಿ ತೆಗೆದು, ಎತ್ತುಗಳು ತಿಂದು ಬಿಟ್ಟ ಒಣ ಕಣಿಕೆಯನ್ನೋ ಸೋಗೆಯನ್ನೋ ಆರಂಗುಲ ಹರವಬಹುದು. ಎರಡು ಮೂರು ಟಾಂಗಾದವರು ಕೂಡಿ ಕುದುರೆಗಳನ್ನು ಒಂದೇ ಕಡೆಗೆ, ಒಂದನ್ನೊಂದು ಕಾಣುವಂತೆ ನಿಲ್ಲಿಸಿದರೆ ಕಾವಲಿನ ಪಾಳಿಯನ್ನು ಅವೇ ಹಂಚಿಕೊಳ್ಳುವವು. ಹುರುಳಿಯನ್ನು ಸಂಜೆಗೇ ತಿನ್ನಿಸಿ ಮುಗಿಸದೆ, ನಡುರಾತ್ರಿಯ ವರೆಗೆ ಮೆಲ್ಲಲು ಒಂದು ಹಿಡಿ ಹುಲ್ಲನ್ನಾದರೂ ಉಳಿಸಿಟ್ಟರೆ ಹಸಿವೆಯಿಂದ ಅದು ಗೋದಲಿ ಕಡಿಯುತ್ತ ನಿಲ್ಲದು. ನಾಯಿಗಳು ನುಗ್ಗುವ ಸಂದನ್ನು ಮುಚ್ಚಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಮುದಿ ಕುದುರೆಗಳ ವಿಷಯದಲ್ಲಿ ಹೆಚ್ಚಿನ ಲಕ್ಷ್ಯ ಬೇಕು. ಕೀಲು ನೋವಿರುವ ಕುದುರೆಯು ಒಳ್ಳೆಯ ಹಾಸಿಗೆಯಿದ್ದರೂ ಮಲಗದು. ಮಲಗಿದರೆ ಏಳಲಾರೆನೆಂಬುದನ್ನು ಅದು ಬಲ್ಲದು. ಇಂತಹದಕ್ಕೆ ಲಾಯದ ಸುಧಾರಣೆಯೊಂದೇ ಸಾಲದು, ಪಶುವೈದ್ಯರಿಂದ ನೋವಿಗೆ ಮದ್ದನ್ನೂ ಕೊಡಿಸಬೇಕು.

ಕುದುರೆಯು ರಾತ್ರಿ ಮಲಗಿತ್ತೋ ಇಲ್ಲವೋ ಎಂದು ತಿಳಿಯಲು ನಿದ್ದೆಗೆಟ್ಟು ಕಾಯಬೇಕಾಗಿಲ್ಲ. ನುರಿತ ಕುದುರೆಯಾಳು ಬೆಳಿಗ್ಗೆ ಮಾಲೀಸಿಗೆ ನಿಂತಾಗ ಮೊದಲು ನೋಡುವದು ಜೂಲನ್ನು ಮತ್ತು ಬಾಲವನ್ನು. ಅಲ್ಲಿ ಹುಲ್ಲಿನ ಕಡ್ಡಿಗಳು ಸಿಕ್ಕಿದ್ದರೆ, ಪಕ್ಕೆಯ ಮೇಲೋ ಕೆನ್ನೆಯ ಮೇಲೋ ಲದ್ದಿಯ ಕಲೆ ಒಣಗಿದ್ದರೆ, ಕುದುರೆಯು ಪಕ್ಕಕ್ಕೆ ಒರಗಿತ್ತೆಂದು ಅರ್ಥ. ಹಾಸಿಗೆಯ ನಡುವೆ ದೊಡ್ಡ ತಗ್ಗು ಬಿದ್ದಿದ್ದರೆ ಅದೂ ಒಂದು ಸಾಕ್ಷಿ. ದಿನದಿನವೂ ಮೈಯೆಲ್ಲ ತೊಳೆದಿಟ್ಟಂತೆ ಸ್ವಚ್ಛವಾಗಿದ್ದು, ಹಾಸಿದ ಹುಲ್ಲು ಹಾಸಿದಂತೆಯೇ ಇದ್ದು, ಮುಂಗಾಲಿನ ಗಂಟಿನ ಮೇಲೆ ಮಾತ್ರ ಕೂದಲು ಸವೆಯುತ್ತಿದ್ದರೆ, ಅಂದು ಟಾಂಗಾ ಹೂಡುವ ಮುನ್ನ ಲಾಯವನ್ನು ಒಮ್ಮೆ ಸುತ್ತಿ ನೋಡಬೇಕು.